ಬಿಚ್ಚೂಕಿಂತ ಮೊದಲ

ಡರ್ಬಿಯಲ್ಲಿ ನಮ್ಮ ಪಕ್ಕದ ಮನೆಯ ಗ್ಯಾರೇಜಿನಲ್ಲಿ ಕಾರು ಇರಲಿಲ್ಲ. ಸೊಂಟದೆತ್ತರಕ್ಕೆ ಪ್ಲೈವುಡ್ ಹಾಸಿ, ಗೋಡೆಗುಂಟ ಸುತ್ತಲೂ ಆಟದ ರೈಲಿನ ಹಳಿ ಕೂರಿಸಿದ್ದರು. ಬಾಗಿಲ ಹತ್ತಿರ ಎತ್ತಿ ಇಳಿಸುವ ಸಣ್ಣ ಸೇತುವೆ. ಒಂದು ಮೂಲೆಯಲ್ಲಿ ಸುರಂಗ, ಇನ್ನೊಂದು ಮೂಲೆಯಲ್ಲಿ ಗೂಡ್ಸ್ ಯಾರ್ಡು. ಕಿಟಕಿಯ ಕೆಳಗೆ ಒಂದು ಕರಿ ಹಲಗೆ, ಅದರಲ್ಲಿ ಎರಡು ಸಾಲಾಗಿ 24 ಸ್ವಿಚ್ಚುಗಳು. ನಾನು ಮೊದಲ ಸಲ ಅಲ್ಲಿಗೆ ಹೋದದ್ದು 1999ರ ಡಿಸೆಂಬರಿನಲ್ಲಿ, ನಮ್ಮ ಮನೆಗೆ ಬರಬೇಕಾದ ಒಂದು ಪಾರ್ಸೆಲ್ಲು ಅವರ ಮನೆಗೆ ಹೋಗಿತ್ತೆಂದು. ಪಾರ್ಸೆಲ್ಲು ಕೊಟ್ಟವರು ಗ್ಯಾರೇಜಿನ ದೀಪ ಹಚ್ಚಿ, ಒಳಗೆ ಬರುತ್ತೀಯಾ ಎಂದರು. ರೈಲ್ವೆ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವಳಿಗೆ ಎಂಜಿನ್ನು ತೋರಿಸುತ್ತೇನೆ ಎಂದರೆ ಇಲ್ಲವೆನ್ನಲು ಬರುವುದಿಲ್ಲ.

ಅವರನ್ನು ನಾನು ಮನಸ್ಸಿನಲ್ಲಿ ಅಜ್ಜ ಎಂದೇ ಕರೆದುಕೊಂಡೆ, ಇಲ್ಲಿಯೂ ಹಾಗೇ ಬರೆಯುತ್ತೇನೆ. ಡರ್ಬಿಯ ರೈಲ್ವೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೇತ್ ಮೇಲೆ ಕೆಲಸ ಮಾಡಿ ನಿವೃತ್ತರಾದವರು. ಆಗ ಎಪ್ಪತ್ತರ ಆಸುಪಾಸು. ಹೆಂಡತಿ ತೀರಿಕೊಂಡಿದ್ದರು, ಮಗ ಆಸ್ಟ್ರೇಲಿಯಾದಲ್ಲಿದ್ದ. ಗ್ಯಾರೇಜಿನಲ್ಲಿ ಅವರ ಹತ್ತಿರ ಹನ್ನೊಂದು ಎಂಜಿನ್ನುಗಳಿದ್ದವು. ಅವರು ಮೊದಲು ಕೊಂಡದ್ದು ಒಂದು ಕಪ್ಪು ಟ್ಯಾಂಕ್ ಎಂಜಿನ್ನು, ಮೈಮೇಲೆ 47606 ಎಂಬ ನಂಬರು. 1957ರಲ್ಲಿ ವಾರದ ಸಂಬಳ ಉಳಿಸಿ ಮಗನಿಗೆಂದು ತಂದದ್ದಂತೆ. ಮಾರ್ಗೇಟಿನಲ್ಲಿ ತಯಾರಾಗುತ್ತಿದ್ದ ಟ್ರೈ-ಆಂಗ್ ಕಂಪನಿಯ ಎಂಜಿನ್ನು ಅದು. ಇಂಗ್ಲೆಂಡಿನ ರೈಲು ಜನ ಆ ಜಾತಿಯ ಎಂಜಿನ್ನನ್ನು ಜಿಂಟಿ ಎನ್ನುತ್ತಾರೆ. 1924ರಿಂದ 1931ರವರೆಗೆ ನಿಜವಾದ ಜಿಂಟಿಗಳು 422 ತಯಾರಾದವು. ಆರು ಗಾಲಿ, ಎರಡು ಪಕ್ಕಕ್ಕೆ ನೀರಿನ ಟಾಕಿ, ಮುಂದೆ ಗಿಡ್ಡ ಚಿಮಣಿ. ಯಾರ್ಡುಗಳಲ್ಲಿ ಡಬ್ಬಿ ಎಳೆದಾಡಿಕೊಂಡಿದ್ದ, ಯಾರೂ ಫೋಟೋ ತೆಗೆಯದ ದುಡಿಯುವ ಎಂಜಿನ್ನು.

ಆ 24 ಸ್ವಿಚ್ಚು ಯಾಕೆ ಎಂದು ಹೇಳಿದರೆ ಮುಂದಿನದೆಲ್ಲ ಅರ್ಥವಾಗುತ್ತದೆ. ಹಳೆಯ ಪದ್ಧತಿಯಲ್ಲಿ ಎರಡು ಹಳಿಗೆ ಸೊನ್ನೆಯಿಂದ 12 ವೋಲ್ಟ್‌ವರೆಗೆ ಡಿ.ಸಿ. ಕರೆಂಟು ಕೊಡುತ್ತಾರೆ. ವೋಲ್ಟು ಏರಿಸಿದರೆ ವೇಗ. ಧನ ಋಣ ಅದಲುಬದಲು ಮಾಡಿದರೆ ಎಂಜಿನ್ನು ಹಿಂದಕ್ಕೆ. ಆದರೆ ತನ್ನ ಮೇಲೆ ಎಷ್ಟು ಎಂಜಿನ್ನು ನಿಂತಿವೆ ಎಂಬುದು ಹಳಿಗೆ ಗೊತ್ತಿಲ್ಲ. ಕರೆಂಟು ಬಂತೆಂದರೆ ಎಲ್ಲವೂ ಒಟ್ಟಿಗೆ ಹೊರಡುತ್ತವೆ. ಹಾಗಾಗಿ ಹಳಿಯನ್ನೇ ತುಂಡು ತುಂಡು ಕತ್ತರಿಸಿ, ಒಂದೊಂದು ತುಂಡಿಗೆ ಒಂದೊಂದು ಸ್ವಿಚ್ಚು ಇಟ್ಟು, ನಿಂತಿರಬೇಕಾದ ಎಂಜಿನ್ನಿನ ಕೆಳಗೆ ಕರೆಂಟು ತೆಗೆಯಬೇಕು. ಒಂದು ಗಾಡಿ ಸುತ್ತು ಹೊಡೆಯುವಷ್ಟರಲ್ಲಿ ಆರೇಳು ಸ್ವಿಚ್ಚು ಒತ್ತಬೇಕು, ತೆಗೆಯಬೇಕು. ಅಜ್ಜನಿಗೆ ಇದು ನಲವತ್ತು ವರ್ಷದ ರೂಢಿ. ಕಣ್ಣು ಗಾಡಿಯ ಮೇಲೆ, ಎಡಗೈ ಹಲಗೆಯ ಮೇಲೆ, ಹಾರ್ಮೋನಿಯಂ ನುಡಿಸುವವರ ಹಾಗೆ.

ಮೂರನೇ ಚಳಿಗಾಲಕ್ಕೆ ಆ ಕೈ ನಿಂತುಹೋಯಿತು. ಬೆರಳ ಗಂಟುಗಳೆಲ್ಲ ಬಾತು, ಸಣ್ಣ ಸ್ವಿಚ್ಚಿನ ಕಡ್ಡಿ ಹಿಡಿತಕ್ಕೇ ಸಿಗದಾಯಿತು. ಗ್ಯಾರೇಜಿನಲ್ಲಿ ಒಂದೇ ಗಾಡಿ, ಒಂದೇ ಸಮನೆ, ಗುಂಡಗೆ ಸುತ್ತತೊಡಗಿತು. ಯಾರ್ಡಿನಲ್ಲಿ ಜಿಂಟಿ ಧೂಳು ಹಿಡಿದು ನಿಂತಿತು. ಇದನ್ನು ನೋಡಿ ನನಗೆ ಸುಮ್ಮನಿರಲಾಗಲಿಲ್ಲ. ಡಿಸಿಸಿಗೆ ಹೋಗೋಣ ಎಂದು ಹೇಳಿದವಳು ನಾನೇ.

ಡಿಸಿಸಿ ಎಂದರೆ ಡಿಜಿಟಲ್ ಕಮಾಂಡ್ ಕಂಟ್ರೋಲ್. ಜರ್ಮನಿಯ ಲೆನ್ಜ್ ಎಂಬುವರು 1980ರ ದಶಕದ ಕೊನೆಯಲ್ಲಿ ರೂಪಿಸಿದ ಪದ್ಧತಿ. ಅಮೆರಿಕದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ ಅದನ್ನು 1990ರ ದಶಕದ ಮೊದಲರ್ಧದಲ್ಲಿ ಮಾನಕವೆಂದು ಒಪ್ಪಿದ್ದರಿಂದ ಒಬ್ಬರ ಡಿಕೋಡರು ಇನ್ನೊಬ್ಬರ ಕಂಟ್ರೋಲರಿನ ಮಾತು ಕೇಳುವಂತಾಯಿತು. ಇದರಲ್ಲಿ ಹಳಿಯ ಮೇಲೆ ಸುಮಾರು 15 ವೋಲ್ಟು ಸದಾ ಇರುತ್ತದೆ, ಎಲ್ಲ ಕಡೆಗೂ. ಆ ಕರೆಂಟೇ ಕ್ಷಣಕ್ಷಣಕ್ಕೆ ದಿಕ್ಕು ಬದಲಿಸುತ್ತ ಸಂದೇಶ ಹೊರುತ್ತದೆ. ದಿಕ್ಕು 58 ಮೈಕ್ರೋಸೆಕೆಂಡಿಗೆ ಬದಲಾದರೆ ಅದು ಒಂದು, 100 ಅಥವಾ ಹೆಚ್ಚು ತೆಗೆದುಕೊಂಡರೆ ಅದು ಸೊನ್ನೆ. ಅಜ್ಜನಿಗೆ ನಾನು ಹೇಳಿದ ಹೋಲಿಕೆ ನಮ್ಮ ಹುಬ್ಬಳ್ಳಿ ಸ್ಟೇಷನ್ನಿನದು. ಮೈಕಿನಲ್ಲಿ ಅನೌನ್ಸ್‌ಮೆಂಟು ಪ್ಲಾಟ್‌ಫಾರ್ಮಿನ ಎಲ್ಲರ ಕಿವಿಗೂ ಬೀಳುತ್ತದೆ. ಗಂಟು ಎತ್ತಿಕೊಂಡು ಏಳುವವರು ಆ ಗಾಡಿಯವರು ಮಾತ್ರ. ಎಂಜಿನ್ನಿನೊಳಗೆ ಕೂತ ಡಿಕೋಡರು ಹೀಗೆ ತನ್ನ ನಂಬರಿಗೆ ಕಾಯುತ್ತಿರುತ್ತದೆ. ನಂಬರು ಬಂದರೆ ಮೋಟಾರಿಗೆ ಕರೆಂಟು ಬಿಡುತ್ತದೆ, ಇಲ್ಲದಿದ್ದರೆ ಇಲ್ಲ. ಸ್ವಿಚ್ಚು ಬೇಡ. ಒಂದು ಕೈಯಳತೆಯ ಯಂತ್ರ, ಅದರ ಮೇಲೆ ದೊಡ್ಡದೊಂದು ಗುಬ್ಬಿ ಸಾಕು. ಅದನ್ನು ಅಂಗೈಯಿಂದಲೂ ತಿರುಗಿಸಬಹುದು.

ಅಜ್ಜನಿಗೆ ಡಿಜಿಟಲ್ ಹೊಸದಲ್ಲ. 1979ರಲ್ಲೇ ಹಾರ್ನ್‌ಬಿ ಕಂಪನಿ ಜೀರೋ 1 ಎಂಬ ಪದ್ಧತಿ ತಂದು, ಒಂದೇ ಹಳಿಯಲ್ಲಿ 16 ಎಂಜಿನ್ನುಗಳನ್ನು ಬೇರೆ ಬೇರೆ ನಡೆಸಬಹುದೆಂದು ತೋರಿಸಿತ್ತು. ಆಗ ಅಂಗಡಿಯ ಕಿಟಕಿಯಲ್ಲಿ ನೋಡಿ ಬಂದಿದ್ದರು, ಕೊಳ್ಳುವ ಶಕ್ತಿ ಇರಲಿಲ್ಲ. ಈಗ ಕೊಳ್ಳಬಹುದಿತ್ತು. ಆದರೆ ಒಂದು ಷರತ್ತು ಹಾಕಿದರು. “ಹೊಸ ಎಂಜಿನ್ನು ಬೇಡ. ಇವೇ ಓಡಬೇಕು.”

ಆಗಿನ ಹೊಸ ಎಂಜಿನ್ನುಗಳಲ್ಲಿ ಎಂಟು ಪಿನ್ನಿನ ಒಂದು ಸಾಕೆಟ್ಟು ಇರುತ್ತಿತ್ತು. ಡಿಕೋಡರು ತಂದು ಚುಚ್ಚಿದರೆ ಮುಗಿಯಿತು, ಹತ್ತು ನಿಮಿಷದ ಕೆಲಸ. ಹಳೆಯವು ಹಾಗಲ್ಲ. ಅವನ್ನು ಮಾಡಿದವರಿಗೆ ಮುಂದೊಂದು ದಿನ ಹಳಿಗೂ ಮೋಟಾರಿಗೂ ಮಧ್ಯೆ ಇನ್ನೊಬ್ಬ ಬಂದು ಕೂರುತ್ತಾನೆ ಎಂಬ ಕಲ್ಪನೆಯೇ ಇರಲಿಲ್ಲ. ಇರಬೇಕಾಗಿಯೂ ಇರಲಿಲ್ಲ. ಒಂದು ಪಕ್ಕದ ಗಾಲಿಗಳು ಹಳಿಯ ಕರೆಂಟನ್ನು ನೇರ ಲೋಹದ ಚಾಸಿಗೇ ತಲುಪಿಸುತ್ತವೆ. ಚಾಸಿಯೇ ಒಂದು ತಂತಿ. ಅದರಿಂದ ಮೋಟಾರಿನ ಒಂದು ಬ್ರಷ್ಷಿಗೆ. ಇನ್ನೊಂದು ಪಕ್ಕದ್ದು ಮಾತ್ರ ಗಾಲಿಗೆ ಉಜ್ಜುವ ಒಂದು ತಗಡಿನಿಂದ, ಬೇರೆ ವೈರಿನಲ್ಲಿ, ಎರಡನೇ ಬ್ರಷ್ಷಿಗೆ. ತಂತಿ ಕಡಿಮೆ, ಕೆಡುವುದು ಕಡಿಮೆ. ಆ ಕಾಲಕ್ಕೆ ಅದು ಒಳ್ಳೆಯ ಜಾಣತನ.

ಡಿಸಿಸಿಯ ಮೊದಲ ಕಟ್ಟಳೆ ಇದಕ್ಕೆ ತದ್ವಿರುದ್ಧ. ಮೋಟಾರಿನ ಎರಡು ತುದಿಗಳಿಗೂ ಹಳಿಗೂ ಎಲ್ಲಿಯೂ, ಯಾವ ದಾರಿಯಲ್ಲಿಯೂ, ಸಂಪರ್ಕ ಇರಕೂಡದು. ಹಳಿಯ ಕರೆಂಟು ಕೆಂಪು ಮತ್ತು ಕಪ್ಪು ವೈರಿನಲ್ಲಿ ಡಿಕೋಡರಿಗೆ ಬರಬೇಕು. ಡಿಕೋಡರಿನಿಂದ ಕಿತ್ತಳೆ ಮತ್ತು ಬೂದು ವೈರಿನಲ್ಲಿ ಮೋಟಾರಿಗೆ ಹೋಗಬೇಕು. ಈ ಎರಡು ಜೋಡಿ ಎಲ್ಲಾದರೂ ಮುಟ್ಟಿಕೊಂಡವೋ, ಡಿಕೋಡರು ಸತ್ತಿತು.

ನಾನು ಎಲೆಕ್ಟ್ರಾನಿಕ್ಸ್ ಓದಿದವಳು, ದಿನವೂ ಅದೇ ಕೆಲಸ ಮಾಡುತ್ತಿದ್ದವಳು. ಈ ಕಟ್ಟಳೆ ನನಗೆ ಬಾಯಿಪಾಠ. ಆದರೂ 2002ರ ಶರತ್ಕಾಲದಲ್ಲಿ ನಾನು ಮೊದಲು ಕೈಗೆತ್ತಿಕೊಂಡ ಹಸಿರು ಡೀಸೆಲ್ ಶಂಟರಿನಲ್ಲಿ ತಪ್ಪಿದೆ. ಕಾಣುವ ವೈರನ್ನು ಕತ್ತರಿಸಿ, ನಾಲ್ಕೂ ಬಣ್ಣ ಬೆಸೆದು, ಚೆನ್ನಾಗಿ ಸುತ್ತಿ ಮುಚ್ಚಿದೆ. ಕಾಣದ ದಾರಿಯನ್ನು, ಬ್ರಷ್ಷಿನಿಂದ ಚಾಸಿಗೆ ಹೋಗುವ ಆ ಲೋಹದ ಸ್ಪ್ರಿಂಗನ್ನು, ನೋಡಲಿಲ್ಲ. ಮಲ್ಟಿಮೀಟರಿನ ಎರಡು ಕಡ್ಡಿ ಹಿಡಿದು ಅರ್ಧ ನಿಮಿಷ ಪರೀಕ್ಷಿಸಿದ್ದರೆ ಅದು ಕೂಗಿ ಹೇಳುತ್ತಿತ್ತು. ಹಳಿಯ ಮೇಲಿಟ್ಟು ಗುಬ್ಬಿ ತಿರುಗಿಸಿದೆ. ಎಂಜಿನ್ನು ಒಂದು ಗೇಣು ಜಿಗಿದು ನಿಂತಿತು. ಕಿಟಕಿಯ ಸಂದಿಯಿಂದ ಒಂದೆಳೆ ಹೊಗೆ, ಸುಟ್ಟ ರಾಳದ ವಾಸನೆ. ಅಜ್ಜ ನನ್ನ ಮುಖ ನೋಡಲಿಲ್ಲ. ಎಂಜಿನ್ನನ್ನು ಎತ್ತಿ ತಿರುಗಿಸಿ ನೋಡಿ, “ಬಣ್ಣಕ್ಕೆ ಏನೂ ಆಗಿಲ್ಲವಲ್ಲ” ಎಂದು ಪೆಟ್ಟಿಗೆಯಲ್ಲಿ ಮಲಗಿಸಿದರು. ಅವರ ಜಿಂಟಿಯನ್ನು ಮುಟ್ಟುವ ಧೈರ್ಯ ಆಮೇಲೆ ನನಗೆ ಬರಲಿಲ್ಲ. ಎಂಟು ತಿಂಗಳು ಆ ಕೆಲಸ ಹಾಗೇ ಬಿದ್ದಿತು.

2003ರ ಮೇ ತಿಂಗಳಲ್ಲಿ ಅಪ್ಪ ಬಂದ.

ಅಪ್ಪ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯವರು ಕಟ್ಟಿದ ಕಾರ್ಖಾನೆ ಅದು. ನಮ್ಮ ಮನೆಯ ಗಡಿಯಾರವೆಂದರೆ ಅದರ ಭೋಂಗಾ. ಮೀಟರ್ ಗೇಜಿನ ವೈಪಿ, ವೈಜಿ ಎಂಜಿನ್ನುಗಳ ಬೇರಿಂಗು ಕೂರಿಸುವುದರಲ್ಲಿ ಅಪ್ಪನ ಅರ್ಧ ಆಯುಷ್ಯ ಕಳೆದಿತ್ತು. ವೈ ಎಂದರೆ ಮೀಟರ್ ಗೇಜು, ಪಿ ಎಂದರೆ ಪ್ಯಾಸೆಂಜರು, ಜಿ ಎಂದರೆ ಗೂಡ್ಸು. ಅಕ್ಷರಮಾಲೆಗಿಂತ ಮೊದಲು ನನಗೆ ಇದು ಗೊತ್ತಿತ್ತು. 1949ರಿಂದ 1970ರವರೆಗೆ ವೈಪಿ ಎಂಜಿನ್ನುಗಳು 871 ಬಂದವು. ಅವುಗಳಲ್ಲಿ ಎಷ್ಟು ತನ್ನ ಕೈಯಲ್ಲಿ ಹಾದುಹೋದವು ಎಂದು ಅಪ್ಪ ಲೆಕ್ಕ ಇಟ್ಟಿರಲಿಲ್ಲ. ನಂಬರು ಹೇಳಿದರೆ ಮಾತ್ರ ಅದರ ರೋಗ ಹೇಳುತ್ತಿದ್ದ.

ರಿವೆಟ್ಟು ಬಡಿಯುವ ಸದ್ದಿನ ನಡುವೆ ವರ್ಷಗಟ್ಟಲೆ ನಿಂತು ಅವನ ಎಡಗಿವಿ ಪೂರಾ ಹೋಗಿತ್ತು, ಬಲಗಿವಿ ಅರ್ಧ. ಆದರೂ ಶಾಪಿನಲ್ಲಿ ಯಾವ ಬೇರಿಂಗಿನ ಸಂಶಯ ಬಂದರೂ ಅಪ್ಪನನ್ನೇ ಕರೆಯುತ್ತಿದ್ದರಂತೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ತಿರುಗುವ ಯಂತ್ರದ ಮೈಗೆ ಆನಿಸಿ, ಹಿಡಿಕೆಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ, ಕಣ್ಣು ಮುಚ್ಚುತ್ತಿದ್ದ. ಗಾಳಿಯಲ್ಲಿ ಬರುವ ಸದ್ದು ಅವನಿಗೆ ಕೇಳಿಸುತ್ತಿರಲಿಲ್ಲ, ಕಬ್ಬಿಣದಲ್ಲಿ ಬರುವುದು ಕೇಳಿಸುತ್ತಿತ್ತು. ಮನೆಯಲ್ಲಿ ಹೊಲಿಗೆ ಯಂತ್ರ, ಗ್ರೈಂಡರು ಯಾವುದು ಕೆಟ್ಟರೂ ಇದೇ ಚಿಕಿತ್ಸೆ. ನಾನು ಅವಸರಕ್ಕೆ ಸ್ಕ್ರೂ ತಿರುಗಿಸಲು ಹೋದರೆ ಕೈ ಹಿಡಿಯುತ್ತಿದ್ದ. “ಬಿಚ್ಚೂಕಿಂತ ಮೊದಲ ಕೇಳು, ತಂಗಿ.”

ಆ ವರ್ಷ ಗ್ಯಾರೇಜಿಗೆ ಅಪ್ಪನನ್ನು ಕರೆದುಕೊಂಡು ಹೋದಾಗ, ಈ ಎಂಜಿನ್ನುಗಳನ್ನು ಕನ್ವರ್ಟ್ ಮಾಡಬೇಕಿದೆ ಅಂದೆ. ಅಪ್ಪನ ಮುಖ ಗಂಟಿಕ್ಕಿತು. ಆ ಮಾತು ಅವನಿಗೆ ಎಲ್ಲಿ ತಾಗಿತೆಂದು ನನಗೆ ಕೂಡಲೇ ತಿಳಿಯಿತು. 1992ರಲ್ಲಿ ಯುನಿಗೇಜ್ ಯೋಜನೆ ಶುರುವಾಗಿ, ನಮ್ಮ ಕಡೆ ಒಂದಾದ ಮೇಲೊಂದು ಮಾರ್ಗದಲ್ಲಿ ಮೀಟರ್ ಗೇಜು ಕಿತ್ತು ಬ್ರಾಡ್ ಗೇಜು ಹಾಕಿದರು. ಗೇಜ್ ಪರಿವರ್ತನೆ ಎಂದು ಪೇಪರಿನಲ್ಲಿ ದಿನವೂ ಬರುತ್ತಿತ್ತು. ಊರಿಗೆ ಅದು ಒಳ್ಳೆಯದೇ ಆಯಿತು, ಇದನ್ನು ಅಪ್ಪನೂ ಒಪ್ಪುತ್ತಿದ್ದ. ಆದರೆ ಒಂದು ಸಾವಿರ ಮಿಲಿಮೀಟರಿನ ಎಂಜಿನ್ನು 1676 ಮಿಲಿಮೀಟರಿನ ಹಳಿಯ ಮೇಲೆ ನಿಲ್ಲುವುದಿಲ್ಲ. ಹಳಿ ಪರಿವರ್ತನೆಯಾಯಿತು, ಎಂಜಿನ್ನು ಲಿಲಾವಿಗೆ ಹೋಯಿತು. ಅಪ್ಪ ಬೇರಿಂಗು ಕೂರಿಸಿದ್ದ ಎಂಜಿನ್ನುಗಳನ್ನು ಗ್ಯಾಸ್ ಕಟರಿನಿಂದ ತುಂಡು ಮಾಡಿ ಲಾರಿಗೆ ಹಾಕಿದರು. ಅಪ್ಪ ನಿವೃತ್ತನಾದದ್ದು ಆ ಕೊನೆಯ ವರ್ಷಗಳಲ್ಲೇ.

“ಕನ್ವರ್ಶನ್ ಅಂದ್ರ ಗೊತ್ತೈತಿ ನನಗ,” ಎಂದ. “ಹಳೇದನ್ನ ತಗದ ಒಗಿಯೂದು.”

ಇಲ್ಲ ಅಪ್ಪಾ, ಇಲ್ಲಿ ಹಳಿಯೂ ಅದೇ, ಎಂಜಿನ್ನೂ ಅದೇ, ಒಳಗೆ ಒಂದು ಬೆರಳುಗುರಿನಷ್ಟು ಚೀಟಿಯಂಥ ಡಿಕೋಡರು ಕೂರಿಸುವುದು ಮಾತ್ರ ಎಂದೆ. ಅವನು ನಂಬಲಿಲ್ಲ. ಹಳಿಯ ಮಟ್ಟಕ್ಕೆ ಬಗ್ಗಿ ಜಿಂಟಿಯನ್ನು ಎದುರಿನಿಂದ ನೋಡಿದ. ಒಂದು ಕ್ಷಣ ನೋಡಿ, “ಇದರ ಮೈ ಅಗಲ ಐತಿ, ಹಳಿ ಸಣ್ಣದಾತು. ನಮ್ಮ ಮೀಟರ್ ಗೇಜ್ ಕಂಡಂಗ ಕಾಣತೈತಿ” ಎಂದ. ನಾನು ಅಜ್ಜನಿಗೆ ಅನುವಾದಿಸಿ ಹೇಳಿದೆ. ಅವರು ಎದ್ದುಬಂದು ಅಪ್ಪನ ಕೈ ಕುಲುಕಿದರು. ಇಂಗ್ಲೆಂಡಿನ ಮಾಡೆಲ್ ರೈಲಿನ ಹಳೆಯ ಸಮಸ್ಯೆಯೇ ಅದು. ಡಬಲ್ ಓ ಎನ್ನುವ ಅಲ್ಲಿನ ಅಳತೆಯಲ್ಲಿ ಎಂಜಿನ್ನಿನ ಮೈ ನಿಜದ 76ರಲ್ಲಿ ಒಂದು ಪಾಲು. ಆ ಲೆಕ್ಕಕ್ಕೆ ಹಳಿಯ ನಡುವೆ 18.83 ಮಿಲಿಮೀಟರ್ ಇರಬೇಕು. ಇರುವುದು 16.5. ಅರ್ಧ ಕಿವಿಯ ಫಿಟ್ಟರ್ ಬರಿಗಣ್ಣಿನಲ್ಲಿ ಎರಡೂ ಚಿಲ್ಲರೆ ಮಿಲಿಮೀಟರಿನ ವ್ಯತ್ಯಾಸ ಹಿಡಿದುಬಿಟ್ಟಿದ್ದ.

ಅಲ್ಲಿಂದ ಮುಂದೆ ಇಬ್ಬರಿಗೂ ನಾನು ಬೇಕಾಗಲಿಲ್ಲ. ಅಪ್ಪನ ಇಂಗ್ಲಿಷು ಕಾರ್ಖಾನೆಯ ಇಂಗ್ಲಿಷು. ಬುಶ್, ಬೇರಿಂಗ್, ಶಾಫ್ಟ್, ಗೇರ್, ಗ್ಯಾಸ್ಕೆಟ್. ಅಜ್ಜನಿಗೆ ಬೇಕಾದದ್ದೂ ಅಷ್ಟೇ. ಬೆಳಗಿನ ಚಹಾ ಕುಡಿದು ಅಪ್ಪ ಪಕ್ಕದ ಮನೆಗೆ ಹೋದರೆ ನಾನು ಆಫೀಸಿನಿಂದ ಬರುವವರೆಗೂ ಅಲ್ಲೇ. ಒಂದು ಭಾನುವಾರ ಮೂವರೂ ಬಟರ್ಲಿಯ ಹಳೆ ರೈಲುಗಳ ಕೇಂದ್ರಕ್ಕೆ ಹೋಗಿ ನಿಜವಾದ ಜಿಂಟಿಯನ್ನು ನೋಡಿ ಬಂದೆವು. ಅಪ್ಪ ಅದರ ಕಪ್ಲಿಂಗ್ ರಾಡಿನ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತಿದ್ದ. ಫೋಟೋ ತೆಗೆಯಲೇ ಎಂದು ಕೇಳಿದ್ದಕ್ಕೆ ಬೇಡವೆಂದ.

ಜಿಂಟಿಯನ್ನು ಬಿಚ್ಚುವ ದಿನ ಅಪ್ಪ ಮೊದಲು ಅದನ್ನು ಹಳೆಯ ಡಿ.ಸಿ. ಕರೆಂಟಿನಲ್ಲೇ ಓಡಿಸಲು ಹೇಳಿದ. ಮೈ ಕಳಚಿ, ಚಾಸಿಯನ್ನು ಅಂಗಾತ ಹಿಡಿದು, ಎರಡು ವೈರು ಮುಟ್ಟಿಸಿದೆ. ಅಪ್ಪ ಗಡಿಯಾರ ರಿಪೇರಿಯ ಸಣ್ಣ ಸ್ಕ್ರೂಡ್ರೈವರು ತೆಗೆದು, ತುದಿಯನ್ನು ಮೋಟಾರಿನ ಹಿಂದಿನ ಬೇರಿಂಗಿಗೆ ಆನಿಸಿ, ಹಿಡಿಕೆಯನ್ನು ಬಲಗಿವಿಯ ಹಿಂದೆ ಒತ್ತಿಕೊಂಡ. ಆಮೇಲೆ ಮುಂದಿನ ಬೇರಿಂಗಿಗೆ. “ಹಿಂದಿಂದು ಒಣಗೈತಿ. ಮುಂದಿಂದು ಚಲೋ ಐತಿ.” ಅಜ್ಜನಿಗೂ ಸ್ಕ್ರೂಡ್ರೈವರು ಕೊಟ್ಟ. ಅವರೂ ಕೇಳಿದರು, ತಲೆಯಾಡಿಸಿದರು. ಆ ಮೋಟಾರಿನಲ್ಲಿ ಬೇರಿಂಗಿನ ಬಳಿ ಎಣ್ಣೆ ಹಿಡಿದಿಡಲು ಒಂದು ಚೂರು ಫೆಲ್ಟ್ ಬಟ್ಟೆ ಇರುತ್ತದೆ. ಹಿಂದಿನದು ಕಲ್ಲಿನಂತೆ ಗಟ್ಟಿಯಾಗಿತ್ತು.

ಡಿಕೋಡರು ಹಾಕಿದರೆ ಹಳೆ ಎಂಜಿನ್ನು ಚೆನ್ನಾಗಿ ಓಡುತ್ತದೆ ಎಂದು ಎಷ್ಟೋ ಜನ ನಂಬಿದ್ದಾರೆ. ಅದು ಸುಳ್ಳು. ಡಿ.ಸಿ.ಯಲ್ಲಿ ಕುಂಟುವ ಎಂಜಿನ್ನು ಡಿಸಿಸಿಯಲ್ಲಿ ಇನ್ನೂ ಕೆಟ್ಟದಾಗಿ ಕುಂಟುತ್ತದೆ. ಗಾಲಿಯ ಕೊಳೆಯಿಂದ ಕರೆಂಟು ಒಂದು ಕ್ಷಣ ತಪ್ಪಿದರೆ ಹಳೆಯ ಮೋಟಾರು ಓಟದ ಬಲದಲ್ಲಿ ದಾಟಿಬಿಡುತ್ತಿತ್ತು. ಡಿಕೋಡರು ಹಾಗಲ್ಲ, ಕರೆಂಟು ತಪ್ಪಿದರೆ ಅದಕ್ಕೆ ಪ್ರಜ್ಞೆ ತಪ್ಪಿದಂತೆ, ಮತ್ತೆ ಎಚ್ಚರವಾಗಬೇಕು. ಆದ್ದರಿಂದ ನಾಲ್ಕು ದಿನ ನಾವು ಬೆಸುಗೆಯ ಕಡ್ಡಿ ಮುಟ್ಟಲೇ ಇಲ್ಲ. ಗಾಲಿ ಉಜ್ಜಿದೆವು. ಕಮ್ಯುಟೇಟರಿನ ಸಂದಿಯಲ್ಲಿ ಕೂತ ಕಾರ್ಬನ್ ಪುಡಿಯನ್ನು ಹಲ್ಲುಕಡ್ಡಿಯಿಂದ ಕೆದಕಿ ತೆಗೆದೆವು. ಹೊಸ ಫೆಲ್ಟು ಕತ್ತರಿಸಿ ಹಾಕಿ ಒಂದೇ ಒಂದು ಹನಿ ಎಣ್ಣೆ.

ಆಮೇಲೆ 12 ವೋಲ್ಟು ಕೊಟ್ಟು, ತಿರುಗುವ ಗಾಲಿಯನ್ನು ನಿಲ್ಲದಷ್ಟು ಬೆರಳಲ್ಲಿ ಒತ್ತಿ ಹಿಡಿದು, ಮೀಟರು ನೋಡಿದೆ. ಭಾರ ಹೊತ್ತು ತಿರುಗುವಾಗ ಮೋಟಾರು ಎಷ್ಟು ಕರೆಂಟು ಎಳೆಯುತ್ತದೆ ಎಂಬ ಪರೀಕ್ಷೆ ಇದು. ನನ್ನ ಹತ್ತಿರವಿದ್ದ ಡಿಕೋಡರು ಸತತವಾಗಿ 1 ಆಂಪಿಯರ್ ತಡೆಯುವಂಥದು. ಮುಳ್ಳು ಅದನ್ನು ದಾಟಿ ನಿಂತಿತು. ಕಾರಣ ಅಯಸ್ಕಾಂತ. ನಲವತ್ತಾರು ವರ್ಷದಲ್ಲಿ ಅದರ ಬಲ ಕುಂದಿತ್ತು. ಅಯಸ್ಕಾಂತ ಸೋತರೆ ಮೋಟಾರು ಹೆಚ್ಚು ಕರೆಂಟು ಕುಡಿದು ಕಡಿಮೆ ಕೆಲಸ ಮಾಡುತ್ತದೆ. ಈ ಜಾತಿಯ ಮೋಟಾರಿಗೆ ಎಕ್ಸ್ 04 ಎಂದು ಹೆಸರು, ಬಲ್ಲವರಿಗೆಲ್ಲ ಅದರ ಒಂದು ಗುಣ ಗೊತ್ತು. ಅಯಸ್ಕಾಂತದ ತುಂಡನ್ನು ಬರಿದೇ ಹೊರಗೆಳೆದರೆ ಇರುವ ಬಲವೂ ಸೋರಿಹೋಗುತ್ತದೆ. ಎಳೆಯುವಾಗಲೇ ಒಂದು ಕಬ್ಬಿಣದ ತುಂಡನ್ನು ಜೊತೆಗಿಡಬೇಕು. ನಾವು ಹಳೆಯ ತುಂಡನ್ನು ಹಾಗೆ ಜೋಪಾನವಾಗಿ ತೆಗೆದು ಡಬ್ಬಿಯಲ್ಲಿಟ್ಟು, ಆ ಜಾಗಕ್ಕೆ ಸಣ್ಣ ಸಣ್ಣ ನಿಯೋಡಿಮಿಯಂ ಅಯಸ್ಕಾಂತಗಳನ್ನು ಒಟ್ಟಿ ಕೂರಿಸಿದೆವು. ಮೀಟರಿನ ಮುಳ್ಳು ಈ ಸಲ 1ಕ್ಕಿಂತ ಬಹಳ ಕೆಳಗೇ ನಿಂತಿತು. ಓಟದ ವೇಗವೂ ತಗ್ಗಿತು. ಯಾರ್ಡಿನ ಎಂಜಿನ್ನಿಗೆ ಅದೇ ಬೇಕಾದದ್ದು.

ಈಗ ಆ ಸ್ಪ್ರಿಂಗು. ಹೆಂಗಸರ ತಲೆಪಿನ್ನಿನ ಹಾಗೆ ಎರಡು ಕಾಲಿನ ಸ್ಪ್ರಿಂಗು, ಒಂದೊಂದು ಕಾಲು ಒಂದೊಂದು ಬ್ರಷ್ಷನ್ನು ಒತ್ತಿ ಹಿಡಿದಿರುತ್ತದೆ. ಒಂದು ಕಾಲಿಗೆ ಮಾತ್ರ ಕಾರ್ಖಾನೆಯಲ್ಲೇ ನಿರೋಧಕ ಕೊಳವೆ ತೊಡಿಸಿರುತ್ತಾರೆ. ತೊಡಿಸದ ಕಾಲಿನ ಮೂಲಕ ಚಾಸಿಯ ಕರೆಂಟು ಬ್ರಷ್ಷಿಗೆ ಹೋಗುತ್ತದೆ. ಎಂಟು ತಿಂಗಳ ಹಿಂದೆ ನನಗೆ ಕಾಣದೇ ಹೋದದ್ದು ಆ ಬತ್ತಲೆ ಕಾಲು. ಒಂದು ವೈರಿನ ಸಿಪ್ಪೆ ಸುಲಿದು, ಅಕ್ಕಿಕಾಳಿನಷ್ಟು ಉದ್ದದ ಕೊಳವೆ ಮಾಡಿ, ಆ ಎರಡನೇ ಕಾಲಿಗೂ ತೊಡಿಸಿದೆ. ಹಳೆ ಎಂಜಿನ್ನಿನ ಪರಿವರ್ತನೆಯ ತಿರುಳು ಇಷ್ಟೇ. ಉಳಿದದ್ದೆಲ್ಲ ಇದರ ಸುತ್ತಲಿನ ಕೆಲಸ.

ಬ್ರಷ್ಷುಗಳ ನಡುವೆ ಒಂದು ಪುಟ್ಟ ಕೆಪಾಸಿಟರು ಇತ್ತು. ಅದನ್ನು ತೆಗೆಯುವಾಗ ಅಜ್ಜ ನಕ್ಕರು. ಅದು ಇದ್ದದ್ದು ಟಿ.ವಿ.ಗಾಗಿ. ಮೋಟಾರಿನ ಕಿಡಿಯಿಂದ ಮನೆಯ ಟಿ.ವಿ. ಪರದೆಯ ಮೇಲೆ ಬಿಳಿ ಚುಕ್ಕೆ ಸುರಿಯುತ್ತಿತ್ತು, ಹೆಂಡತಿ ಒಳಗಿನಿಂದ ಕೂಗುತ್ತಿದ್ದರು, ಇವರು ಗಾಡಿ ನಿಲ್ಲಿಸುತ್ತಿದ್ದರು. ಆ ಕೂಗು ತಪ್ಪಿಸಲು ಹಾಕಿದ ಕೆಪಾಸಿಟರು. ಡಿಕೋಡರಿಗೆ ಅದು ಅಡ್ಡಿ. ಡಿಕೋಡರು ಮೋಟಾರಿಗೆ ಕರೆಂಟು ಕೊಡುತ್ತ ಕೊಡುತ್ತ ನಡುನಡುವೆ ಕ್ಷಣ ಮಾತ್ರ ನಿಲ್ಲಿಸುತ್ತದೆ. ಆ ಕ್ಷಣದಲ್ಲಿ ತಿರುಗುತ್ತಲೇ ಇರುವ ಮೋಟಾರು ತಾನೇ ಚೂರು ಕರೆಂಟು ಹುಟ್ಟಿಸುತ್ತದೆ. ಅದನ್ನು ಅಳೆದು ಎಂಜಿನ್ನು ನಿಜಕ್ಕೂ ಎಷ್ಟು ವೇಗದಲ್ಲಿದೆ ಎಂದು ತಿಳಿದುಕೊಂಡು, ಏರಿನಲ್ಲಿ ಹೆಚ್ಚು, ಇಳಿಜಾರಿನಲ್ಲಿ ಕಡಿಮೆ ಕೊಡುತ್ತದೆ. ಬ್ಯಾಕ್ ಇಎಂಎಫ್ ಎನ್ನುವುದು ಇದನ್ನೇ. ಇದನ್ನು ಅಪ್ಪನಿಗೆ ನಮ್ಮ ಭಾಷೆಯಲ್ಲಿ ವಿವರಿಸಿದೆ. ಅಪ್ಪ ಕೈಯಲ್ಲಿದ್ದ ಸ್ಕ್ರೂಡ್ರೈವರು ನೋಡಿದ, ಡಿಕೋಡರು ನೋಡಿದ. “ಹಂಗಾರ ಇದೂ ಕೇಳತೈತಿ ಅನ್ನು.”

ಹೌದು ಅಪ್ಪಾ ಎಂದೆ. ಆ ಹೊತ್ತಿನಿಂದ ಅವನಿಗೆ ಆ ಚೀಟಿಯ ಮೇಲಿನ ಸಿಟ್ಟು ಹೋಯಿತು. ಬಾಯ್ಲರಿನ ಟೊಳ್ಳಿನಲ್ಲಿ ಅದನ್ನು ಎಲ್ಲಿ ಕೂರಿಸಬೇಕೆಂದು ಅವನೇ ಜಾಗ ನೋಡಿದ. ಕಬ್ಬಿಣಕ್ಕೆ ತಾಗದಂತೆ ಟೇಪು ಸುತ್ತಿ ತಾನೇ ಒಳಗೆ ಸರಿಸಿದ. ಕೆಂಪು ವೈರು ಬಲಹಳಿಗೆ, ಕಪ್ಪು ಎಡಹಳಿಗೆ, ಕಿತ್ತಳೆ ಮತ್ತು ಬೂದು ಎರಡು ಬ್ರಷ್ಷಿಗೆ. ಈ ಸಲ ಮಲ್ಟಿಮೀಟರಿನ ಕಡ್ಡಿಗಳನ್ನು ಹಿಡಿದು ಬ್ರಷ್ಷಿಂದ ಚಾಸಿಗೆ, ಬ್ರಷ್ಷಿಂದ ಪ್ರತಿ ಗಾಲಿಗೆ, ಗಾಲಿ ತಿರುಗಿಸಿ ತಿರುಗಿಸಿ ನೋಡಿದೆ. ಮೀಟರು ಎಲ್ಲಿಯೂ ಕೂಗಲಿಲ್ಲ.

ಹೊಸದಾಗಿ ಡಿಕೋಡರು ಹಾಕಿದ ಎಂಜಿನ್ನನ್ನು ಮೊದಲು ಪ್ರೋಗ್ರಾಮಿಂಗ್ ಹಳಿಯ ಮೇಲೆ ಇಡಬೇಕು. ಅಲ್ಲಿ ಕರೆಂಟು ಬಹಳ ಕಡಿಮೆ, ತಪ್ಪಿದ್ದರೂ ಸುಡುವುದಿಲ್ಲ. ಇದನ್ನೂ ನಾನು ಶಂಟರಿನಲ್ಲಿ ಅವಸರಕ್ಕೆ ಬಿಟ್ಟಿದ್ದೆ. ಅಲ್ಲಿ ನಿಲ್ಲಿಸಿ, ನಿನ್ನ ನಂಬರೇನು ಎಂದು ಕೇಳಬೇಕು. ಡಿಕೋಡರಿಗೆ ಉತ್ತರ ಹೇಳಲು ಬೇರೆ ಬಾಯಿಲ್ಲ. ಹೌದು ಎನ್ನಬೇಕಾದಾಗ ಆರು ಮಿಲಿಸೆಕೆಂಡಿನಷ್ಟು ಕಾಲ ಮೋಟಾರಿಗೆ ಕರೆಂಟು ಬಿಡುತ್ತದೆ, ಹಳಿಯಿಂದ 60 ಮಿಲಿ ಆಂಪಿಯರ್ ಹೆಚ್ಚಿಗೆ ಎಳೆದದ್ದನ್ನು ಕಂಟ್ರೋಲರು ಗುರುತಿಸುತ್ತದೆ. ನೋಡುವವರಿಗೆ ಎಂಜಿನ್ನು ಕೂದಲೆಳೆಯಷ್ಟು ಮಿಸುಕಿದ್ದು ಕಾಣುತ್ತದೆ, ಅಷ್ಟೇ. ಜಿಂಟಿ ಮಿಸುಕಿತು. ಪರದೆಯ ಮೇಲೆ 3 ಎಂದು ಬಂತು. ಅಂಗಡಿಯಿಂದ ಬರುವ ಎಲ್ಲ ಡಿಕೋಡರುಗಳ ನಂಬರು ಅದು, ಇನ್ನೂ ನಾಮಕರಣವಾಗದವುಗಳದು. ಅಜ್ಜ ಮುಂದೆ ಬಗ್ಗಿ, “ಇದರ ನಂಬರು 7606” ಎಂದರು. ನಾಲ್ಕೇ ಅಂಕಿಗೆ ಅವಕಾಶವಿದ್ದದ್ದರಿಂದ ಮೊದಲಿನ 4 ಎಂಬ ಅಂಕಿಯನ್ನು ಬಿಡಬೇಕಾಯಿತು. ಆ ನಂಬರನ್ನು ಡಿಕೋಡರು ಎರಡು ಭಾಗ ಮಾಡಿ, ಸಿವಿ ಎನ್ನುವ ತನ್ನ ನೆನಪಿನ ಖಾನೆಗಳಲ್ಲಿ ಇಟ್ಟುಕೊಳ್ಳುತ್ತದೆ, ಸಿವಿ 17ರಲ್ಲಿ 221, ಸಿವಿ 18ರಲ್ಲಿ 182. ಯಂತ್ರ ತಾನೇ ಲೆಕ್ಕ ಮಾಡಿಕೊಳ್ಳುತ್ತಿತ್ತು, ಆದರೆ ಅಜ್ಜನಿಗೆ ಅದು ಹೇಗೆಂದು ತಿಳಿಯಬೇಕಿತ್ತು. 7606ನ್ನು 256ರಿಂದ ಭಾಗಿಸಿ, ಬಂದ 29ಕ್ಕೆ 192 ಕೂಡಿಸಿ, ಶೇಷ 182 ಎಂದು ಪೆನ್ಸಿಲಿನಲ್ಲಿ ಬರೆದು ಜಿಂಟಿಯ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿಕೊಂಡರು.

ಆ ಬೇಸಿಗೆಯಲ್ಲಿ ಹತ್ತು ಎಂಜಿನ್ನು ಮುಗಿಸಿದೆವು. ಸುಟ್ಟಿದ್ದ ಶಂಟರೂ ಅದರಲ್ಲಿ ಒಂದು. ಹನ್ನೊಂದನೆಯದನ್ನು ಬಿಟ್ಟೆವು. ಅದು ಯುದ್ಧಕ್ಕೆ ಮುಂಚಿನ ಮೂರು ಹಳಿಯ ಹಾರ್ನ್‌ಬಿ ಡಬ್ಲೊ, ಅಜ್ಜನ ಅಣ್ಣನದು. ಕತ್ತರಿಸದೆ ಅದನ್ನು ಬದಲಿಸುವ ದಾರಿ ಇರಲಿಲ್ಲ. ಮಾಡಬಹುದಾದದ್ದನ್ನೆಲ್ಲ ಮಾಡಲೇಬೇಕೆಂದಿಲ್ಲ. ಅದು ಕಪಾಟಿನಲ್ಲೇ ಉಳಿಯಿತು, ವರ್ಷಕ್ಕೊಮ್ಮೆ ಅದರದೇ ಹಳಿ ಜೋಡಿಸಿ ಓಡಿಸುತ್ತಿದ್ದರು.

ಅಪ್ಪ ಊರಿಗೆ ಹೊರಡುವ ಮೂರು ದಿನ ಮುಂಚೆ ಎರಡು ಎಂಜಿನ್ನನ್ನು ಒಂದೇ ಹಳಿಯ ಮೇಲೆ ನಿಲ್ಲಿಸಿ ನೋಡುವುದೆಂದು ಗೊತ್ತಾಯಿತು. ಹಳೆಯ ಸ್ವಿಚ್ಚಿನ ಹಲಗೆಯನ್ನು ತೆಗೆದುಬಿಡೋಣವೆಂದೆ. ಅಜ್ಜ ಬೇಡವೆಂದರು. ತೆಗೆಯುವ ಅಗತ್ಯವೂ ಇರಲಿಲ್ಲ. ಎಲ್ಲ ತುಂಡುಗಳಿಗೂ ಕರೆಂಟು ಬಿಟ್ಟರಾಯಿತು, ಅಂದರೆ 24 ಸ್ವಿಚ್ಚೂ ಆನ್. ಅವರು ಅಪ್ಪನಿಗೆ ಕೈ ತೋರಿಸಿದರು. ಅಪ್ಪ ಮೇಲಿನ ಸಾಲಿನ ಎಡತುದಿಯಿಂದ ಶುರುಮಾಡಿ ಒಂದೊಂದೇ ಸ್ವಿಚ್ಚು ಒತ್ತುತ್ತ ಬಂದ. ಹನ್ನೆರಡು ಮೇಲೆ, ಹನ್ನೆರಡು ಕೆಳಗೆ. ಹಳಿಯ ಮೇಲೆ ಎರಡು ಎಂಜಿನ್ನು ನಿಂತಿದ್ದವು, ಯಾವುದೂ ಕದಲಲಿಲ್ಲ. “ಒಂದ ಹಳಿ ಮ್ಯಾಲೆ ಎರಡೂ?” ಎಂದು ಅಪ್ಪ ಮತ್ತೊಮ್ಮೆ ಕೇಳಿದ.

ಅಜ್ಜ ಅಂಗೈಯನ್ನು ಗುಬ್ಬಿಯ ಮೇಲೆ ಚಪ್ಪಟೆ ಇಟ್ಟು ತಿರುಗಿಸಿದರು. ಹಸಿರು ಶಂಟರು ನಿಂತಲ್ಲೇ ನಿಂತಿತ್ತು. ಜಿಂಟಿ ಯಾರ್ಡಿನಿಂದ ಹೊರಟಿತು. ಎಷ್ಟು ನಿಧಾನವೆಂದರೆ ಗಾಲಿಯ ಕಡ್ಡಿಗಳನ್ನು ಎಣಿಸಬಹುದಿತ್ತು. ಪಾಯಿಂಟು ದಾಟುವಾಗ ಅದರ ಹಳೆಯ ದಪ್ಪ ಗಾಲಿಯಂಚು ಟಿಕ್ ಟಿಕ್ ಎಂದು ತಾಗಿತು. ಐದು ಕಲ್ಲಿದ್ದಲ ಡಬ್ಬಿಗಳನ್ನು ಹಿಂದೆ ಹಾಕಿಕೊಂಡು ಸುರಂಗದೊಳಗೆ ಹೋಗಿ ಮರೆಯಾಯಿತು.

ಅಪ್ಪ ಸುರಂಗದ ಇನ್ನೊಂದು ಬಾಯಿಯ ಕಡೆಗೆ ನಡೆದ. ಜೇಬಿನಿಂದ ಸ್ಕ್ರೂಡ್ರೈವರು ತೆಗೆದು, ತುದಿಯನ್ನು ಹಳಿಯ ಪಕ್ಕದ ಹಲಗೆಗೆ ಊರಿ, ಹಿಡಿಕೆಗೆ ಬಲಗಿವಿ ಒತ್ತಿ ಬಗ್ಗಿ ನಿಂತ. ಕಣ್ಣು ಮುಚ್ಚಿತ್ತು. ನನಗಾಗಲಿ ಅಜ್ಜನಿಗಾಗಲಿ ಏನೂ ಕೇಳಿಸುತ್ತಿರಲಿಲ್ಲ, ಸುರಂಗದ ಬಾಯಲ್ಲಿ ಏನೂ ಕಾಣುತ್ತಲೂ ಇರಲಿಲ್ಲ. ಅಪ್ಪ ಎಡಗೈ ಎತ್ತಿದ.

“ಬಂತು,” ಎಂದ.